ದೊಡ್ಡವ್ವನ ಡಾಬು

ನನ್ನ ಮದುವೆ ಯುದ್ಧದ ಕಾಲದಲ್ಲಾಯಿತು. ಸಕ್ಕರೆಗೆ ರೇಷನ್, ಸೀಮೆಎಣ್ಣೆಗೆ ಪರದಾಟ. ಆದರೂ ದೇವನಹಳ್ಳಿ ಸೀಮೆಯಲ್ಲಿ ಇಂಥ ಮದುವೆ ಆಗಿಲ್ಲ ಎನ್ನಿಸಿಕೊಳ್ಳಬೇಕೆಂಬ ಆಸೆ. ಹತ್ತೂರಿಗೆ ಉಣ್ಣಿಸುವ ಹುಚ್ಚು ಅಪ್ಪನದು, ಮೈತುಂಬ ಒಡವೆ ಹೇರಿಕೊಳ್ಳುವ ಹುಚ್ಚು ನನ್ನದು. ಮನೆಯಲ್ಲಿದ್ದದ್ದು ಒಂದು ಜೊತೆ ಓಲೆ. ಮಿಕ್ಕಿದ್ದೆಲ್ಲ ಎರವಲು. ಕೊರಳಿನ ಅಡ್ಡಿಗೆ ಸೋದರತ್ತೆಯದು, ತೋಳಿನ ವಂಕಿ ಚಿಕ್ಕಮ್ಮನದು, ಸೊಂಟಕ್ಕೆ ಕಟ್ಟಿದ ಚಿನ್ನದ ಡಾಬು ಅಪ್ಪನ ಅಣ್ಣನ ಹೆಂಡತಿ, ನನ್ನ ದೊಡ್ಡವ್ವನದು. ಗಂಡಿನ ಕಡೆಯವರ ಕಣ್ಣಿಗೆ ಮಾತ್ರ ಎಲ್ಲವೂ ನನ್ನವೇ.

ಚಪ್ಪರದಲ್ಲಿ ಆ ಮೂವರೂ ನನ್ನನ್ನು ಬಿಟ್ಟು ಅಲ್ಲಾಡಲಿಲ್ಲ. ಊಟಕ್ಕೂ ಸರದಿಯ ಮೇಲೆ ಎದ್ದು ಹೋದರು. ನನ್ನ ಮೇಲೆ ಎಷ್ಟು ಪ್ರೀತಿ ಎಂದು ಪೆದ್ದಿ ನಾನು ಕರಗಿಹೋದೆ. ಧಾರೆಯ ಹೊತ್ತಿನಲ್ಲಿ ಸೋದರತ್ತೆ ರೆಪ್ಪೆ ಬಡಿಯದೆ ನನ್ನ ಕೊರಳನ್ನೇ ನೋಡುತ್ತಿದ್ದಳು. ತಾಳಿ ನೋಡುತ್ತಿದ್ದಾಳೆ ಅಂದುಕೊಂಡೆ.

ಹೊರಡುವ ಮುಂಚೆ ಒಳಕೋಣೆಯಲ್ಲಿ ಒಡವೆ ಬಿಚ್ಚುವುದು, ದಾರಿಯಲ್ಲಿ ಕಳ್ಳರ ಭಯ, ಆಮೇಲೆ ಕಳಿಸುತ್ತೇವೆ ಎಂದು ಬೀಗರಿಗೆ ಹೇಳುವುದು ಎಂದು ಮಾತಾಗಿತ್ತು. ಅಡ್ಡಿಗೆ ಬಂತು, ವಂಕಿ ಬಂತು. ಡಾಬು ಬರಲಿಲ್ಲ. ಸೊಂಟ ಸಣ್ಣಗೆ ಕಾಣಲಿ, ಇನ್ನೂ ಬಿಗಿ ಮಾಡು ಎಂದು ಬೆಳಿಗ್ಗೆ ಹಠ ಹಿಡಿದವಳು ನಾನೇ. ಆಮೇಲೆ ಒಬ್ಬಟ್ಟಿನ ಮೇಲೆ ಒಬ್ಬಟ್ಟು ತಿಂದವಳೂ ನಾನೇ. ತಿರುಪು ಕಚ್ಚಿಕೊಂಡು ಕೂತುಬಿಟ್ಟಿತ್ತು.

"ಉಸಿರು ಒಳಕ್ಕೆ ಎಳ್ಕೊಳ್ಳೇ!" ಎಂದು ದೊಡ್ಡವ್ವ ಗದರಿದಳು.

"ಎಳ್ಕೊಂಡಿವ್ನಿ ಕಣವ್ವಾ. ಇನ್ನೂ ಎಳೆದ್ರೆ ಪ್ರಾಣಾನೇ ಹೋಯ್ತದೆ."

ಹೊರಗೆ ಬೀಗರ ಗಾಡಿ ಹೂಡಿ ನಿಂತಿತ್ತು. ಹೊಸ ಹೆಣ್ಣಿನ ಜೊತೆ ತವರಿನ ಹಿರಿಯಳೊಬ್ಬಳು ಹೋಗಿ ಬಿಟ್ಟುಬರುವುದು ನಮ್ಮ ಪದ್ಧತಿ. ಅದಕ್ಕೆಂದು ಅಜ್ಜಿ ಆಗಲೇ ಹತ್ತಿ ಕೂತಿದ್ದಳು. ದೊಡ್ಡವ್ವ ಅವಳನ್ನಿಳಿಸಿ ತಾನು ಹತ್ತಿದಳು. ಮಾಕಳಿದುರ್ಗದ ಬುಡದಲ್ಲಿದ್ದ ಗಂಡನ ಮನೆ ಮುಟ್ಟುವ ತನಕ ನನ್ನ ಸೊಂಟದಿಂದ ಕೈ ತೆಗೆಯಲಿಲ್ಲ.

ಅಲ್ಲಿ ನನಗೆ ಜೀವ ಬಾಯಿಗೆ ಬಂದಿತ್ತು. ಎರವಲೆಂದು ಗೊತ್ತಾದರೆ ಆ ಮನೆಯಲ್ಲಿ ಬದುಕಿರುವಷ್ಟು ದಿನ ತಲೆ ಎತ್ತುವ ಹಾಗಿಲ್ಲ. ದೊಡ್ಡವ್ವನೋ ನಾನು ಬಚ್ಚಲಿಗೆ ಹೋದರೂ ಹಿಂದೆಯೇ. ಮಾರನೆಯ ಬೆಳಿಗ್ಗೆ ಅತ್ತೆ ಹರಳೆಣ್ಣೆಯ ಬಟ್ಟಲು ಹಿಡಿದು ಒಳಗೆ ಬಂದು ಬಾಗಿಲು ಮುಂದಕ್ಕೆ ತಳ್ಳಿದರು. ತಿರುಪಿಗೆ ಎಣ್ಣೆ ಬಿಟ್ಟು, ಸೆರಗಿನ ತುದಿ ಸುತ್ತಿ ಹಿಡಿದು ತಿರುಗಿಸಿದರು. ಬಿಚ್ಚಿಕೊಂಡ ಡಾಬನ್ನು ನನಗೆ ಕೊಡಲಿಲ್ಲ, ನೇರವಾಗಿ ದೊಡ್ಡವ್ವನ ಮಡಿಲಿಗೆ ಹಾಕಿದರು.

"ಅಕ್ಕಾ, ಉಂಡ್ಕೊಂಡು ಹೊರಡೀರಂತೆ. ಗಾಡಿ ಹೂಡಿಸ್ತೀನಿ."

ದೊಡ್ಡವ್ವ ಹೊರಟಾಗ ಗಾಡಿಯ ಗೂಟ ಹಿಡಿದುಕೊಂಡು ಗೋಳೋ ಎಂದು ಅತ್ತುಬಿಟ್ಟೆ. ಅವಳು ಬಂದದ್ದು ಡಾಬಿಗಾಗಿ ಎಂದು ಗೊತ್ತಿತ್ತು. ಆದರೂ ಅಲ್ಲಿ ನನ್ನವರು ಎಂದು ಇದ್ದವಳು ಅವಳೊಬ್ಬಳೇ. ಒಳಗೆ ಬಂದು ಮೂಲೆಯಲ್ಲಿ ಕೂತೆ. ದುಃಖಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು, ಅತ್ತೆಯ ಮುಖ ನೋಡಲಾಗಲಿಲ್ಲ.

ಅತ್ತೆ ಪಕ್ಕದಲ್ಲಿ ಕೂತು, ಡಾಬು ಒತ್ತಿ ಕೆಂಪಗಾಗಿದ್ದ ನನ್ನ ಸೊಂಟಕ್ಕೆ ಉಳಿದ ಎಣ್ಣೆ ಸವರಿದರು.

"ಅಳಬ್ಯಾಡ ಕಣವ್ವಾ. ನಿನ್ನ ಜೊತೆ ಒಬ್ರೇ ಬಂದಿದ್ರು. ನಾನು ಈ ಮನೆಗೆ ಬಂದಾಗ ನನ್ನ ಹಿಂದೆ ಮೂರು ಜನ ಬಂದು ಕೂತಿದ್ರು. ಮೂಗುಬೊಟ್ಟು ಕೊಟ್ಟಿದ್ದವಳಂತೂ ಯುಗಾದಿ ಮುಗಿಸ್ಕೊಂಡೇ ಹೋದ್ಲು."