ಸುನಂದಾಳ ತವರಿನ ನೆಪ

ಆಶಾ ಕಾರ್ಯಕರ್ತೆ ಸುನಂದಾ ಹೆರಿಗೆಯ ಮಾತು ಎತ್ತಿದಳೆಂದರೆ, ಹೆರುವುದು ರೊಟ್ಟಿ ಬಡಿಯುವುದಕ್ಕಿಂತ ಸುಲಭ ಎಂದು ಕೇಳಿದವರಿಗೆ ಅನಿಸಬೇಕು. ಹಳಿಯಾಳ ತಾಲೂಕಿನ ಆ ಊರಲ್ಲಿ ಒಂಬತ್ತು ವರ್ಷದಿಂದ ಬಸುರಿಯರ ಮನೆ ಮನೆ ತಿರುಗಿ, ತಾಯಿ ಕಾರ್ಡ್ ಮಾಡಿಸಿ, ಕಬ್ಬಿಣಾಂಶದ ಗುಳಿಗೆ ನುಂಗಿಸಿ, ಬೇನೆ ಬಂದಾಗ ಆಸ್ಪತ್ರೆಯವರೆಗೆ ಜೊತೆಗೆ ಹೋದವಳು ಅವಳು. ಯಾರಾದರೂ ಅಂಜಿಕೆ ಎಂದರೆ, "ಏನ್ ಅಂಜಿಕಿ ಹಚ್ಚೀರಿ? ನಿಮ್ಮವ್ವ ಹಡದಿಲ್ಲೇನು?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಬಾಯಿ ಅವಳದು ದೊಡ್ಡದು. ಮನಸ್ಸು ಅದಕ್ಕಿಂತ ದೊಡ್ಡದೆಂದು ಊರು ಸಹಿಸಿಕೊಂಡಿತ್ತು.

ಮದುವೆಯಾದ ಹನ್ನೊಂದನೇ ವರ್ಷಕ್ಕೆ ಸುನಂದಾ ತಾನೇ ಬಸುರಿಯಾದಳು. ಅತ್ತೆ ಹೊಳೆವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಆರು ತಿಂಗಳಾಗುವ ಹೊತ್ತಿಗೆ ಸುನಂದಾಳ ನಿದ್ದೆ ಹಾರಿತು. ಅಷ್ಟೊಂದು ಹೆರಿಗೆ ಕಂಡವಳಿಗೆ ಏನೇನು ಆಗಬಹುದೆಂದು ಚೆನ್ನಾಗಿ ಗೊತ್ತಿತ್ತು, ಅದೇ ತೊಂದರೆ. ಹೆರಿಗೆ ಕೋಣೆಯ ಹೊರಗೆ ಕೂತು ಕೇಳಿದ ಕೂಗುಗಳೆಲ್ಲ ಸಾಲುಗಟ್ಟಿ ಕಿವಿಗೆ ಬಂದವು. ನೋವಿನ ಭಯ ಒಂದು ಪಾಲಾದರೆ, ತಾನು ಕೂಗುವುದನ್ನು ಊರಿನ ಹೆಂಗಸರು ಕೇಳಿಬಿಟ್ಟರೆ ಎಂಬ ಭಯ ಮೂರು ಪಾಲು. ಆಮೇಲೆ ಯಾವ ಮುಖ ಹೊತ್ತು ಇನ್ನೊಬ್ಬರಿಗೆ ಧೈರ್ಯ ಹೇಳುವುದು?

ಯೋಚಿಸಿ ಒಂದು ದಾರಿ ಹುಡುಕಿದಳು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು ಎಂಬ ಪದ್ಧತಿ ಇದೆಯಲ್ಲ! ತವರು ಮುಂಡಗೋಡ. ಅಲ್ಲಿ ಎಷ್ಟು ಒದರಿದರೂ ಈ ಊರಿಗೆ ಕೇಳುವುದಿಲ್ಲ.

"ತವರಿಗೆ ಓಡಬ್ಯಾಡ್ರಿ, ಕಾರ್ಡ್ ಇದ್ದಲ್ಲೇ ಹಡೀರಿ ಅಂತ ಮಂದೀಗೆ ಗದರ್ತಿದ್ದೆಲ್ಲವಾ?" ಎಂದಳು ಹೊಳೆವ್ವ.

"ಪದ್ಧತಿ ಬಿಡಾಕ ಬರ್ತೈತೇನ್ರಿ ಅತ್ತಿ?"

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಹೊಳೆವ್ವ ಸೆರಗಿನಲ್ಲೇ ನಕ್ಕಳು.

ಒಂಬತ್ತನೇ ತಿಂಗಳಲ್ಲಿ ಬಸುರಿಗೆ ಉಡಿ ತುಂಬುವ ಕುಬಸ ಮಾಡುವುದು, ಮರುದಿನವೇ ಮುಂಡಗೋಡಕ್ಕೆ ಹೊರಡುವುದು ಎಂದು ನಿಶ್ಚಯವಾಯಿತು. ಬ್ಯಾಗು ಎರಡು ತಿಂಗಳ ಮೊದಲೇ ತಯಾರಿತ್ತು. ತೊಳೆದ ಹಳೆ ಸೀರೆಯ ತುಂಡು, ಕೂಸಿಗೆ ಕುಲಾವಿ, ಯಾವುದಕ್ಕೂ ಇರಲಿ ಎಂದು ಉಳವಿಯ ವಿಭೂತಿ. ದಿನಾ ಬಾಗಿಲು ಹಾಕಿಕೊಂಡು ಉಸಿರು ಬಿಡುವ ಅಭ್ಯಾಸವನ್ನೂ ನಡೆಸಿದ್ದಳು. ಒಮ್ಮೆ ಹೊರಗಿನಿಂದ ಗಂಡ ಉದಯಕುಮಾರ, "ಯವ್ವಾ, ಕುಕ್ಕರ್ ಇಳಸ, ಸೀಟಿ ಹೊಡ್ಯಾಕತ್ತೈತಿ" ಎಂದು ಕೂಗಿ ಎರಡು ದಿನ ಹೆಂಡತಿಯ ಮಾತು ಕಳೆದುಕೊಂಡ.

ಕುಬಸದ ದಿನ ಹಸಿರು ಸೀರೆ, ಕೈತುಂಬ ಹಸಿರು ಬಳೆ ತೊಟ್ಟು ಸುನಂದಾ ಮಣೆಯ ಮೇಲೆ ಕೂತಳು. ಉಡಿ ತುಂಬುವಾಗ ನಡುವಿನಿಂದ ಒಂದು ನೋವು ಎದ್ದು ಹೊಟ್ಟೆಯನ್ನು ಬಿಗಿಯಾಗಿ ಹಿಡಿಯಿತು. ಬಿಟ್ಟಿತು. ಮತ್ತೆ ಬಂತು. ಬೇರೆ ಯಾರಾದರೂ ಆಗಿದ್ದರೆ ಅವಳು ಆ ಗಳಿಗೆಗೇ ಗಾಡಿ ತರಿಸುತ್ತಿದ್ದಳು. ಈಗ ಮಾತ್ರ, ನಾಳೆ ಮುಂಡಗೋಡ ಮುಟ್ಟುವವರೆಗೆ ತಡೆದುಕೊಂಡರಾಯಿತು ಎಂದುಕೊಂಡಳು.

"ಯಾಕವಾ, ಮಾರಿ ಹಿಂಗ್ಯಾಕ ಆಗೈತಿ?" ಎಂದಳು ಹೊಳೆವ್ವ.

"ಹೋಳಿಗಿ ಜಾಸ್ತಿ ಆತ್ರಿ."

"ತಿಂದದ್ದು ಅರ್ಧಾ ಹೋಳಿಗಿ!"

ಪಕ್ಕದ ಮನೆಯ ಮೆಹರೀನ ಏಳು ತಿಂಗಳ ಬಸುರಿ, ಆರತಿ ನೋಡಲು ಬಂದಿದ್ದಳು. ಅವಳು ಬಗ್ಗಿ ಸುನಂದಾಳ ಕಿವಿಯಲ್ಲಿ, "ಅಕ್ಕಾರ, ಐದೈದು ನಿಮಿಷಕ್ಕ ಬರಾಕತ್ತೈತಿ. ಎಣಸೂದು ನೀವ ಕಲಿಸೀರಿ" ಎಂದಳು. ಸುನಂದಾ ಅವಳನ್ನು ಕಣ್ಣಲ್ಲೇ ಗದರಿಸುವಷ್ಟರಲ್ಲಿ ಮಣೆಯ ಮೇಲೆಯೇ ನೀರು ಒಡೆಯಿತು.

ಹಾಡು ನಿಂತಿತು. ಒಂಬತ್ತು ವರ್ಷದ ರೂಢಿ ನೋಡಿ, ಹೆಂಗಸರೆಲ್ಲ ಬಸುರಿಯ ಕಡೆಗೇ ತಿರುಗಿ, "ಅಕ್ಕಾರ, ಈಗ ಏನ್ ಮಾಡೂಣ್ರಿ?" ಎಂದು ಕೇಳಿದರು.

ಸುನಂದಾ ಆ ದೊಡ್ಡ ಬಾಯಿ ತೆರೆದಳು. "ನನಗ ಅಂಜಿಕಿ ಆಗೈತ್ರೆವಾ!" ಎಂದು ಗೊಳೋ ಎಂದು ಅತ್ತುಬಿಟ್ಟಳು.

ಯಾರೂ ನಗಲಿಲ್ಲ. ಹೊಳೆವ್ವ ಸೊಸೆಯನ್ನು ಎದೆಗೊರಗಿಸಿಕೊಂಡಳು. ಗಾಡಿ ಬಂತು. ಹಳಿಯಾಳದ ಆಸ್ಪತ್ರೆ ಮುಟ್ಟುವವರೆಗೂ, ಮುಟ್ಟಿದ ಮೇಲೂ ಸುನಂದಾ ಮನಸಾರೆ ಕೂಗಿದಳು. "ಕೂಗವಾ, ಕೂಗು. ಯಾರ ಅಪ್ಪಂದೇನ್ ಹೋಗ್ತೈತಿ?" ಎಂದರು ಸಿಸ್ಟರ್. ಹೊತ್ತು ಮುಳುಗುವ ಮೊದಲು ಹೆಣ್ಣುಕೂಸು ಹುಟ್ಟಿತು. ಅದರ ಬಾಯೂ ಸಣ್ಣದೇನಲ್ಲ.

ಮನೆಗೆ ಬಂದ ಮರುದಿನ ಮೆಹರೀನ ಕೂಸು ನೋಡಲು ಬಂದಳು. ನೋಡಿಯಾದ ಮೇಲೂ ಏಳಲಿಲ್ಲ. ತಲೆಗೆ ಹೊದ್ದ ಓಡ್ನಿಯ ತುದಿ ತಿರುವುತ್ತ ಕೂತಿದ್ದು, ಕೊನೆಗೆ ಹೇಳಿದಳು: "ಅಕ್ಕಾರ, ನನಗೂ ಭಾಳ ಅಂಜಿಕಿ ಐತ್ರಿ. ಬ್ಯಾನಿ ಬಂದ್ರ ಯಾರಿಗೂ ಹೇಳೂದು ಬ್ಯಾಡ, ಆಸ್ಪತ್ರಿಗೆ ಹೋಗೂದೂ ಬ್ಯಾಡ, ಮನ್ಯಾಗ ಬಾಗಲಾ ಹಾಕ್ಕೊಂಡು ಹಡ್ಯೂಣು ಅಂತ ಮಾಡಿದ್ದೆ."

ಸುನಂದಾ ತಟ್ಟನೆ ಅವಳತ್ತ ತಿರುಗಿದಳು. ವಾರಕ್ಕೊಮ್ಮೆ ಈ ಹುಡುಗಿಯ ಮನೆಗೆ ಹೋಗಿ ಬಂದಿದ್ದಾಳೆ.

"ಇಷ್ಟು ದಿನಾ ನನಗ್ಯಾಕ ಹೇಳಲಿಲ್ಲ?"

"ನಿಮ್ಮನ್ನ ಕಂಡ್ರ ಅದಕ್ಕಿಂತ ಜಾಸ್ತಿ ಅಂಜಿಕಿ ಇತ್ರಿ."

ಸುನಂದಾ ಕೂಸನ್ನು ಪಕ್ಕಕ್ಕೆ ಮಲಗಿಸಿ ಅವಳ ಕೈ ಹಿಡಿದಳು. "ಹೇಳವಾ, ಏನೇನ್ ಅಂಜಿಕಿ ಐತಿ, ಒಂದೂ ಬಿಡಬ್ಯಾಡ" ಎಂದಳು. ಮೆಹರೀನ ಹೇಳುತ್ತ ಹೋದಳು, ಸುನಂದಾ ನಡುವೆ ಒಂದು ಮಾತೂ ಆಡದೆ ಕೇಳಿದಳು.