ಮೊಲಕ್ಕೆ ಅಂಜಿಕೆ ಕಲಿಸುವ ನಾಸೀರಸಾಬರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಚ್ಛೆ ಊರಿನ ಆಚೆ, ಲೋಹದ ಎರಕ ಹೊಯ್ಯುವ ಫೌಂಡ್ರಿಗಳ ಸುಟ್ಟ ಉಸುಕನ್ನು ತಂದು ಸುರಿಯುವ ಹಳೆಯ ಕಲ್ಲಿನ ಕ್ವಾರಿಯಲ್ಲಿ ನಾಸೀರಸಾಬರು ಒಂದು ಮೊಲದ ಕಡೆ ಮಣ್ಣಹೆಂಟೆ ಎಸೆಯುತ್ತಿದ್ದಾರೆ. ಬರೀ ಎಸೆಯುವುದಲ್ಲ, ಬಾಯಿಗೆ ಬಂದಂತೆ ಬೈಯುತ್ತಿದ್ದಾರೆ. “ಹೋಗ ಆಕಡೆ! ನಾಚಿಕಿ ಇಲ್ಲೇನ ನಿನಗ? ಓಡ!” ಮೊಲ ನಾಲ್ಕು ಹೆಜ್ಜೆ ಕುಪ್ಪಳಿಸಿ ಮತ್ತೆ ಕೂತು ಅವರನ್ನೇ ನೋಡುತ್ತದೆ. ಗಡ್ಡ ನೆರೆತ ಹಿರಿಯರೊಬ್ಬರು ಒಂದು ಬಡಜೀವದ ಮೇಲೆ ಹೀಗೆ ಮುಗಿಬೀಳುವುದನ್ನು ಕಂಡರೆ ಎಂಥವರಿಗೂ ಎದೆ ಧಸಕ್ಕೆನ್ನುತ್ತದೆ. ಉದ್ಯಮಬಾಗದ ಕಾರ್ಖಾನೆಗೆ ಕೆಲಸಕ್ಕೆ ಹೊರಟಿದ್ದ ಒಬ್ಬರು ಬೈಕ್ ನಿಲ್ಲಿಸಿ ಜಗಳಕ್ಕೇ ಬಂದಿದ್ದರಂತೆ.

ನಾಸೀರಸಾಬರ ಕೆಲಸ ಟಿಪ್ಪರ್‌ಗಳಿಗೆ ಕೈ ತೋರಿಸುವುದು. ಗಾಡಿ ಎಲ್ಲಿಯವರೆಗೆ ಹಿಂದೆ ಬರಬೇಕು, ಎಲ್ಲಿ ಸುರಿಯಬೇಕು ಎನ್ನುವುದು ಅವರ ಅಂಗೈಯಲ್ಲಿದೆ. ದಿನಕ್ಕೆ ಮೂವತ್ತಾದರೂ ಗಾಡಿ ಬರುತ್ತವೆ. “ಡ್ರೈವರಗ ಹಿಂದಿಂದು ಏನೂ ಕಾಣಂಗಿಲ್ರೀ. ಅವನ ಕಣ್ಣು ನಾನ,” ಎನ್ನುತ್ತಾರೆ. ಖಾನಾಪುರದ ಹಂಚಿನ ಭಟ್ಟಿಯಲ್ಲಿ ಅರ್ಧ ಆಯುಷ್ಯ ಕಳೆದವರು. ಭಟ್ಟಿ ಮುಚ್ಚಿದ ಮೇಲೆ ಬೆಳಗಿನ ಮೊದಲ ಬಸ್ಸು ಹತ್ತಿ ಇಲ್ಲಿಗೆ ಬರುತ್ತಾರೆ. ಧೂಳಿಗೆ ಕೆಮ್ಮು ಹತ್ತಿದೆ, ಕೆಲಸ ಬಿಟ್ಟಿಲ್ಲ.

ಮರುಭೂಮಿ ನೋಡಲು ರಾಜಸ್ಥಾನಕ್ಕೇ ಹೋಗಬೇಕಿಲ್ಲ. ಕಣ್ಣು ಹಾಯುವವರೆಗೆ ಕರಿ ಉಸುಕು, ಒಂದು ಗಿಡದ ನೆರಳಿಲ್ಲ, ಹನಿ ನೀರಿಲ್ಲ. ಮಧ್ಯಾಹ್ನ ಕಾಲಿಟ್ಟರೆ ಚಪ್ಪಲಿಯೊಳಗೂ ಸುಡುತ್ತದೆ. ಇಲ್ಲಿ ಮೊಲ ಬದುಕುತ್ತದೆ ಎಂದರೆ ನಂಬುವುದು ಹೇಗೆ? ಆದರೂ ಬದುಕುತ್ತವೆ. ನಮ್ಮ ಕಾಡುಮೊಲ ಬಿಲ ತೋಡುವುದಿಲ್ಲ. ಗುಡ್ಡೆಯ ಮರೆಯಲ್ಲಿ ಮೈ ಒತ್ತಿ ಒಂದು ತಗ್ಗು ಮಾಡಿಕೊಂಡು ಹಗಲೆಲ್ಲ ಅದರಲ್ಲೇ ಅಲುಗಾಡದೆ ಕೂರುತ್ತದೆ. ಮೈಯ ಕಾವನ್ನು ಅಗಲ ಕಿವಿಗಳಿಂದ ಹೊರಹಾಕುತ್ತದೆ. ಕತ್ತಲಾದ ಮೇಲೆ ಕ್ವಾರಿಯ ಅಂಚಿನ ಹುಲ್ಲಿಗೆ ಹೋಗುತ್ತದೆ, ಆ ಹುಲ್ಲಿನ ರಸ, ಇಬ್ಬನಿಯೇ ಅದಕ್ಕೆ ನೀರು. ಸಾರ ಸ್ವಲ್ಪವೂ ಪೋಲಾಗದಿರಲೆಂದು ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ಮತ್ತೆ ತಿನ್ನುತ್ತದೆ! ಕೇಳಿದವರು ಮೂಗು ಮುಚ್ಚಿಕೊಳ್ಳಬಹುದು, ಮೊಲಕ್ಕೆ ಅದು ಉಳಿವಿನ ಮಾತು.

ಅಲುಗಾಡದೆ ಕೂರುವ ಆ ಗುಣವೇ ಇಲ್ಲಿ ಪ್ರಾಣಕ್ಕೆ ಎರವು. ಟಿಪ್ಪರ್ ಹಿಂದೆ ಬಂದರೂ ಏಳದೆ ಉಸುಕಿನಡಿ ಹೂತುಹೋಗುತ್ತದೆ. ಅದಕ್ಕೇ ಪ್ರತಿ ಗಾಡಿಗೂ ಮೊದಲು ನಾಸೀರಸಾಬರು ಸುರಿಯುವ ಜಾಗದಲ್ಲಿ ನಡೆಯುತ್ತಾರೆ, ನಿಲ್ಲುತ್ತಾರೆ, ಮತ್ತೆ ನಡೆಯುತ್ತಾರೆ. “ಸೀದಾ ನಡದು ಹೋದ್ರ ಏಳಂಗಿಲ್ರೀ. ಬಾಜೂಕ ಬಂದು ನಿಂತ್ರ, ನನ್ನ ನೋಡ್ಯಾನ ಅಂತ ತಿಳದು ಜಿಗೀತಾವ.”

ಹೋದ ಬೇಸಿಗೆಯಲ್ಲಿ ಅವರ ಮನಸ್ಸು ತಡೆಯಲಿಲ್ಲ. ಖಾನಾಪುರದಿಂದ ಒಂದು ಬಾಗಿದ ನಾಡಹಂಚು ತಂದು ಅಂಗಾತ ಇಟ್ಟು, ಎರಡೂ ತುದಿಗೆ ಮಣ್ಣು ಮೆತ್ತಿ ನೀರು ಹಾಕಿದರು. ಹೆಂಡತಿ ಅನ್ವರಿ ಬುತ್ತಿಯ ಜೊತೆ ಕೋಸಿನ ಎಲೆ ಕಟ್ಟಿಕೊಡತೊಡಗಿದರು. ಮೊಲಗಳು ಬಂದವು. ತಿಂಗಳು ಕಳೆಯುವಷ್ಟರಲ್ಲಿ ಕಿವಿ ಹರಿದ ಒಂದು ಮೊಲ ಅವರ ಕಾಲ ಹತ್ತಿರವೇ ಕೂತು ತಿನ್ನುವಷ್ಟು ಸಲುಗೆ ಬೆಳೆಸಿತು.

ಒಂದು ಮುಂಜಾನೆ ಎಂದಿನಂತೆ ನಡೆದರು, ನಿಂತರು. ಏನೂ ಏಳಲಿಲ್ಲ. ಕೈ ಎತ್ತಿದರು. ಚಾಲಕ ಹಣಮಪ್ಪ ಟಿಪ್ಪರ್‌ನ ತೊಟ್ಟಿ ಎತ್ತಿದ. ಉಸುಕು ಜಾರುವಾಗ ಅದರ ಕೆಳಗೆ ಹರಿದ ಕಿವಿಯೊಂದು ಕಂಡಿತು. “ನಿಲ್ಸೋ!” ಎಂದು ಚೀರಿದರು. ಜಾರತೊಡಗಿದ ಉಸುಕು ನಿಲ್ಲುತ್ತದೆಯೇ? ಇನ್ನೂ ಬಿಸಿಯಾಗಿದ್ದ ಗುಡ್ಡೆಯನ್ನು ಬರಿಗೈಯಲ್ಲಿ ಬಗೆದರು, ಅಂಗೈ ಬೊಬ್ಬೆ ಎದ್ದಿತು. ಹೊರಗೆ ತೆಗೆದಾಗ ಉಸಿರು ನಿಂತಿತ್ತು, ಕಣ್ಣು ತೆರೆದೇ ಇತ್ತು.

“ಕಾಕಾ, ನೀವು ಬಾಜೂಕ ನಿಂತಿದ್ರಲ್ಲ, ಯಾಕ ಓಡಲಿಲ್ಲ ಅದು?” ಎಂದ ಹಣಮಪ್ಪ.

ಆ ಪ್ರಶ್ನೆಗೆ ನಾಸೀರಸಾಬರಿಗೆ ಸಿಡಿಲು ಬಡಿದಂತಾಯಿತು. ಇವತ್ತಿಗೂ ಅದನ್ನೇ ಹೇಳುತ್ತಾರೆ. “ನನ್ನ ನೋಡಿನ ಓಡಲಿಲ್ರೀ. ಖರೇ ಹೇಳ್ತೀನಿ, ಎಲಿ ಹಾಕಿ ಹಾಕಿ ಅದರ ಅಂಜಿಕಿ ತಗದಾಂವ ನಾನ. ನಾ ನಿಂತೀನಿ ಅಂದ್ರ ಏನೂ ಆಗಂಗಿಲ್ಲ ಅಂತ ಕುಂತಿತ್ತು.”

ಮರುದಿನ ಅನ್ವರಿ ಎಂದಿನಂತೆ ಎಲೆ ಕಟ್ಟಿದರು. ಗಂಡ ಬುತ್ತಿ ತೆಗೆದುಕೊಂಡರು, ಎಲೆ ಮುಟ್ಟಲಿಲ್ಲ. ನೀರಿನ ಹಂಚು ವಾಪಸ್ ಖಾನಾಪುರಕ್ಕೆ ಹೋಯಿತು. ಅಂದಿನಿಂದ ಶುರುವಾದದ್ದು ಈ ಹೆಂಟೆ, ಈ ಬೈಗುಳ. ಹೆಂಟೆ ಮೊಲಕ್ಕೆ ತಾಗದೆ ಪಕ್ಕದಲ್ಲೇ ಬೀಳಬೇಕು, ಅದಕ್ಕೆಂದೇ ಗುರಿ ಪಳಗಿಸಿಕೊಂಡಿದ್ದಾರೆ. ಉಳಿದ ಮೊಲಗಳು ಬೇಗ ದೂರವಾದವು. ಆ ಹಂಚಿನಲ್ಲಿ ನೀರು ಕುಡಿದು ಬೆಳೆದ ಈ ಹೆಣ್ಣುಮೊಲ ಒಂದು ಮಾತ್ರ ಹಟಮಾರಿ. ಎಷ್ಟು ಬೈದರೂ ತಿರುಗಿ ಬಂದು ಎಲೆಗೆ ಕಾಯುತ್ತದೆ. ಟಿಪ್ಪರ್‌ಗಳು ಬರುವುದೂ ನಿಲ್ಲುವುದಿಲ್ಲ.

ಶುಕ್ರವಾರ ಮುಂಜಾನೆ ಹಣಮಪ್ಪನ ಗಾಡಿ ಮೊದಲು ಬಂದಿದೆ. ನಾಸೀರಸಾಬರು ಗುಡ್ಡೆ ಬಳಸಿ ಹೆಣ್ಣುಮೊಲದ ತಗ್ಗಿನ ಕಡೆ ಹೊರಡುತ್ತಾರೆ. ಇನ್ನೂ ಬಗ್ಗಿ ಹೆಂಟೆ ಎತ್ತಿಲ್ಲ, ಬಾಯಿ ತೆರೆದಿಲ್ಲ. ಅವರ ಆಕಾರ ಕಂಡದ್ದೇ ತಡ, ಮೊಲ ಬಾಣದಂತೆ ಚಿಮ್ಮಿ, ಒಮ್ಮೆಯೂ ತಿರುಗಿ ನೋಡದೆ ಹುಲ್ಲಿನಂಚು ದಾಟಿ ಮರೆಯಾಗುತ್ತದೆ. ನಾಸೀರಸಾಬರು ತೋಳಿನಿಂದ ಕಣ್ಣೊರೆಸಿಕೊಂಡು, ಸುರಿಯಲು ಹಣಮಪ್ಪನಿಗೆ ಕೈ ಎತ್ತುತ್ತಾರೆ.

“ಇನ್ನ ಅದು ನನ್ನ ಹತ್ತರ ಬರಂಗಿಲ್ರೀ,” ಎನ್ನುತ್ತಾರೆ. “ಬರೂದು ಬ್ಯಾಡ. ನಾ ಕೆಟ್ಟಾಂವ ಅಂತ ತಿಳ್ಕೊಂಡ ಬದುಕ್ಲಿ.”