ರಾಗಿಯ ಮೇಲಿನ ಗೋಲಿಗಳು

ತೆರೆದ ಪಾತ್ರೆ ಕಂಡರೆ ನನ್ನ ಕೈ ತಾನಾಗಿಯೇ ಒಂದು ತಟ್ಟೆಯನ್ನು ಹುಡುಕತೊಡಗುತ್ತದೆ. ಸಾರಿನ ಪಾತ್ರೆಗಾದರೆ ಅದು ಸದ್ಗುಣ. ಆದರೆ ಕನ್ನಡಕ, ಕೀಲಿಕೈ, ಟೀವಿ ರಿಮೋಟು, ಒಮ್ಮೆ ಬೀಗರ ಹಲ್ಲಿನ ಸೆಟ್ಟು, ಹೀಗೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಟವೆಲ್ಲೋ ವೃತ್ತಪತ್ರಿಕೆಯೋ ಹೊದಿಸಿ ಮಲಗಿಸುವ ಈ ಆಚ್ಛಾದನವ್ಯಸನವನ್ನು ನಮ್ಮ ಬನಶಂಕರಿಯ ಮನೆಯಲ್ಲಿ ಯಾರೂ ಸದ್ಗುಣವೆಂದು ಒಪ್ಪಿಲ್ಲ. ಓದುಗ ಮಹಾಶಯರೇ, ನೀವಾದರೂ ಒಪ್ಪಬೇಕು.

ಇಲಿಗಳ ಮೇಲೆ ಸಂಶೋಧನೆ ನಡೆಸುವ ನಮ್ಮಣ್ಣನ ಮಗಳು ಸಹನಾ ಮೊನ್ನೆ ಭಾನುವಾರ ಊಟಕ್ಕೆ ಬಂದವಳು ಇದಕ್ಕೊಂದು ವೈಜ್ಞಾನಿಕ ಪೀಠಿಕೆ ಹಾಕಿದಳು. ಗಬ್ಬದ ಇಲಿಗೆ ಸೋಂಕು ತಗಲಿದಂತೆ ಭ್ರಮೆ ಹುಟ್ಟಿಸುವ ಮದ್ದು ಚುಚ್ಚಿ ಅದರ ರೋಗನಿರೋಧಕ ಶಕ್ತಿಯನ್ನು ಕೆರಳಿಸಿದರೆ, ಮುಂದೆ ಹುಟ್ಟುವ ಮರಿಗಳ ನಡವಳಿಕೆಯೇ ಬದಲಾಗಬಹುದಂತೆ. ಮರದ ಹೊಟ್ಟಿನ ಮೇಲೆ ಗಾಜಿನ ಗೋಲಿಗಳನ್ನಿಟ್ಟರೆ ಅವು ಉಳಿದ ಇಲಿಗಳಿಗಿಂತ ಹೆಚ್ಚು ಗೋಲಿಗಳನ್ನು ಹೂತುಹಾಕುತ್ತವಂತೆ.

ಎಲ್ಲರೂ ನನ್ನತ್ತ ತಿರುಗಿದರು. ನಾನು ಆಗತಾನೇ ಅವಳ ಮೊಬೈಲಿಗೆ ಕರವಸ್ತ್ರ ಹೊದಿಸಿದ್ದೆ.

“ಇಷ್ಟು ವರ್ಷ ಕೊಬ್ಬು ಅಂದ್ಕೊಂಡು ಬೈದ್ನಲ್ರೀ, ಪಾಪ,” ಎಂದಳು ನನ್ನ ಹೆಂಡತಿ. “ಇಲಿ ಬೇರೆ, ಚಿಕ್ಕಪ್ಪ ಬೇರೆ ಚಿಕ್ಕಮ್ಮ,” ಎಂದು ಸಹನಾ ಗೋಗರೆದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಗದೆ ಉಳಿದವಳು ಅಮ್ಮ ಒಬ್ಬಳೇ. ನಾನು ಹೊಟ್ಟೆಯಲ್ಲಿದ್ದಾಗ ಅವಳಿಗೆ ಚಳಿಜ್ವರ ಬಂದಿತ್ತು. ಊಟವನ್ನು ಅರ್ಧಕ್ಕೇ ಬಿಟ್ಟೆದ್ದವಳು ಸಂಜೆ ಪಕ್ಕದಲ್ಲಿ ಕೂತು, “ನನ್ನಿಂದ್ಲೇ ಹಿಂಗಾದ್ಯೇನೋ ಮಗಾ?” ಎಂದು ಕೇಳಿದಳು. ನನಗೇನೂ ಆಗಿಲ್ಲವೆಂದು ಆಣೆಯಿಟ್ಟೆ. ಅವಳು ನಂಬಲಿಲ್ಲ.

ಮರುದಿನ ನೋಡಿದರೆ ನಡುಮನೆಯಲ್ಲಿದ್ದ ಮನಿಪ್ಲಾಂಟ್ ಒಂದು ಚೊಂಬಿಗೆ ವರ್ಗವಾಗಿತ್ತು. ಅದರ ಬಾಟಲಿಯ ತಳದಲ್ಲಿದ್ದ ಗೋಲಿಗಳು ನನ್ನ ಕುರ್ಚಿಯ ಮುಂದೆ, ಬೇಸಿನ್ ತುಂಬ ರಾಗಿಯ ಮೇಲೆ, ಸಾಲಾಗಿ ಕೂತಿದ್ದವು. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಅಮ್ಮನ ಸೆರಗು ಕಾಣುತ್ತಿತ್ತು. ನಾನು ಒಂದೇ ಒಂದು ಗೋಲಿಯನ್ನು ಒಳಕ್ಕೆ ಒತ್ತಿದರೂ ಆ ಪುಣ್ಯಾತ್ಗಿತ್ತಿ ಬದುಕಿರುವವರೆಗೆ ಆ ಜ್ವರಕ್ಕಾಗಿ ತನ್ನನ್ನೇ ಶಪಿಸಿಕೊಳ್ಳುತ್ತಾಳೆ. ಕೈಗಳೆರಡನ್ನೂ ತೊಡೆಯಡಿಗೆ ಸೇರಿಸಿ ಕೂತೆ. ಗೋಲಿಗಳು ಬತ್ತಲೆಯಾಗಿ ಹೊಳೆದವು, ಕಾಫಿ ಆರಿತು, ನಾನು ಬೆವೆತೆ. ಅಪ್ಸರೆಯರ ಮುಂದೆ ಕೂತ ಋಷಿಗಳಿಗೂ ಇಷ್ಟು ಕಷ್ಟವಾಗಿರಲಾರದು.

ಕೊನೆಗೆ ಅಮ್ಮ ಹೊರಬಂದಳು. “ಒಂದೂ ಮುಟ್ಲಿಲ್ಲ ನನ್ ಕಂದ,” ಎಂದು ತಲೆ ನೇವರಿಸಿದಳು. ಅವಳ ಮುಖ ಹಗುರಾಗಿತ್ತು. ನನಗೂ ಉಸಿರು ಬಂತು. ಆಮೇಲೆ ಬೇಸಿನ್ನಿನ ಮುಂದೆ ಕೂತವಳು, ಮಾತಾಡುತ್ತಲೇ, ಗೋಲಿಗಳನ್ನು ಒಂದೊಂದಾಗಿ ರಾಗಿಯೊಳಕ್ಕೆ ಒತ್ತಿ, ಮೇಲೆ ಅಂಗೈಯಿಂದ ಸವರಿ ಸಮ ಮಾಡಿದಳು.

“ಹಿಂಗ್ ಬಿಟ್ಕೊಂಡು ಹೆಂಗ್ ಕೂತಿದ್ಯೋ? ನನಗಂತೂ ನೋಡೋಕೇ ಆಗ್ಲಿಲ್ಲ.”

ನಾನು ದೊಡ್ಡ ತಟ್ಟೆಯೊಂದನ್ನು ತಂದು ಬೇಸಿನ್ ಮುಚ್ಚಿದೆ. ಅದು ತುಸು ವಾರೆಯಾಗಿತ್ತು. ಅಮ್ಮ ಸರಿ ಮಾಡಿದಳು.